ಕೆಂಪು ನಿಶಾನಿ ಇಟ್ಟವರೇ ತೆಗೆಯಬೇಕು

ಗಾಲಿ ಅಲುಗಿತು.

ಹಳೆಯ ರೈಲು ಡಬ್ಬಿಯ ಕೆಳಗೆ ಅಂಗಾತ ಮಲಗಿ ತುಕ್ಕು ಕೆರೆಯುತ್ತಿದ್ದ ಮಹೆಕಳಿಗೆ ಮೊದಲು ತನಗೇ ತಲೆ ಸುತ್ತು ಬಂತೇನೋ ಅನ್ನಿಸಿತು. ಅಷ್ಟರಲ್ಲಿ ಕಣ್ಣ ಮುಂದಿನ ಕಬ್ಬಿಣದ ಸರಳು ಗೇಣಷ್ಟು ಮುಂದೆ ಸರಿಯಿತು. ಸುತ್ತುತ್ತಿರುವುದು ತಲೆಯಲ್ಲ... ಡಬ್ಬಿಯೇ ಉರುಳುತ್ತಿದೆ!

"ನಿಲ್ಲಸ್ರಿ! ಕೆಳಗ ನಾ ಅದೀನಿ!"

ಕಟಕ್ಕನೆ ಏನೋ ಸಿಕ್ಕಿಕೊಂಡ ಸದ್ದಾಯಿತು. ಗಾಲಿ ಅವಳ ಓಢಣಿಯ ಅಂಚಿನ ಮೇಲೆ ಬಂದು ನಿಂತಿತು. ಓಢಣಿಯನ್ನು ಹರಿದುಕೊಂಡೇ ಅವಳು ಹೊರಗೆ ತೆವಳಿದಳು.

ಆ ತುದಿಯಲ್ಲಿ ಡಬ್ಬಿ ತಳ್ಳುತ್ತಿದ್ದವರು ಓಡಿ ಬರುತ್ತಿದ್ದರು. ಎದುರಿಗೆ ಒಬ್ಬ ಅಪರಿಚಿತ ನಿಂತಿದ್ದ. ಹೆಗಲಿಗೆ ಬಸ್ಸಿನ ಧೂಳು ಹೊತ್ತ ಚೀಲ, ಗಾಬರಿಯಾದ ದೊಡ್ಡ ಕಣ್ಣು. ಬೇರೆ ದಿನವಾಗಿದ್ದರೆ ಆ ಕಣ್ಣುಗಳನ್ನು ಇನ್ನೊಮ್ಮೆ ನೋಡುತ್ತಿದ್ದಳೇನೋ. ಇವತ್ತು ಅವಳ ದೃಷ್ಟಿ ಹೋದದ್ದು ಅವನ ಕೈಗೆ. ಕೆಳಗೆ ಹೋಗುವ ಮುಂಚೆ ಡಬ್ಬಿಗೆ ತಾನೇ ಸಿಕ್ಕಿಸಿದ್ದ ಕೆಂಪು ನಿಶಾನೆ ಅವನ ಕೈಯಲ್ಲಿತ್ತು.

"ಯಾರ್ ನೀವು?"

"ಶಾನವಾಜ ರೀ. ಹಿರೇವಡ್ಡಟ್ಟಿಯಾಂವ. ಇಲ್ಲಿ ಕೆಲಸಕ್ಕ ಕೈ ಜೋಡಸ್ತೀನಂತ ಮಾಸ್ತರ್ರಿಗೆ ಫೋನ್ ಮಾಡಿದ್ದೆ..."

"ಕೈ ಜೋಡಸಾಕ ಬಂದೀರೋ, ಜೀವಾ ತೆಗಿಯಾಕ ಬಂದೀರೋ? ನಿಶಾನಿ ಯಾಕ ತೆಗೆದ್ರಿ?"

ಅವನು ಒಮ್ಮೆ ಅವಳ ಹಿಂದೆ, ಶೆಡ್ಡಿನ ಬಾಗಿಲ ಕಡೆ ನೋಡಿದ. ಅಲ್ಲಿ ಮಹೆಕಳ ತಂದೆ ಅಲ್ಲಾಸಾಬರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ನಿಮಗೇನೂ ಆಗಿಲ್ಲಲ್ರಿ?"

"ಕೇಳಿದ್ದಕ್ಕ ಉತ್ತರಾ ಕೊಡ್ರಿ."

"ನಿಶಾನಿ ನನ್ನ ಕೈಯಾಗಽ ಐತಿ. ನಾ ಏನ್ ಹೇಳ್ಲಿ..."

ಅವನ ಅಂಗೈಯ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಮಹೆಕ ನೋಡಿದಳು. ಯಾಕೆ ಅಂತ ಕೇಳುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.

ಬೆಟಗೇರಿ ಕಡೆಯ ಆ ಹಳೆಯ ಗೂಡ್ಸ್ ಶೆಡ್ಡು ಮೀಟರ್ ಗೇಜ್ ಕಾಲದ್ದು. ಬ್ರಾಡ್ ಗೇಜಿನ ದೊಡ್ಡ ಹಳಿ ಬಂದ ಮೇಲೆ ಪಾರಿವಾಳಗಳ ಪಾಲಾಗಿದ್ದ ಅದನ್ನು ಒಂದಷ್ಟು ಜನ ಸೇರಿ ರೈಲು ಮ್ಯೂಸಿಯಂ ಮಾಡಿದ್ದರು. ಯಾರಿಗೂ ಸಂಬಳವಿಲ್ಲ. ಭಾನುವಾರ ಬಂತೆಂದರೆ ಮನೆಯ ಕೆಲಸ ಬಿಟ್ಟು ಇಲ್ಲಿ ತುಕ್ಕು ಕೆರೆಯಲು ಬರುವ ಹುಚ್ಚರು, ಅಷ್ಟೇ. ನಿವೃತ್ತ ಸ್ಟೇಷನ್ ಮಾಸ್ತರ ಪುಂಡಲೀಕಪ್ಪ ಅವರಿಗೆಲ್ಲ ಹಿರಿಯ. ವಾರವಿಡೀ ಗದಗದ ಕನ್ನಡಕದಂಗಡಿಯಲ್ಲಿ ಕೂರುವ ಮಹೆಕ, ಭಾನುವಾರ ಅಬ್ಬಾನ ಕೈ ಹಿಡಿದುಕೊಂಡು ಬರುತ್ತಿದ್ದಳು.

ಅಲ್ಲಾಸಾಬರು ಜೀವಮಾನವೆಲ್ಲ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಾತು ಮರೆತವರಂತೆ ಗೋಡೆ ನೋಡುತ್ತ ಕೂತಿದ್ದರು. ಅವರನ್ನು ಮತ್ತೆ ಮನುಷ್ಯರನ್ನಾಗಿ ಮಾಡಿದ್ದು ಈ ಶೆಡ್ಡು. ಇಲ್ಲಿನ ಕಾಯಿದೆಯೂ ಅವರದೇ. ಡಬ್ಬಿಯ ಕೆಳಗೆ ಹೋಗುವವರು ಕೆಂಪು ನಿಶಾನೆ ಇಟ್ಟು ಹೋಗಬೇಕು, ನಿಶಾನೆ ಇರುವ ತನಕ ಡಬ್ಬಿಗೆ ಯಾರೂ ಕೈ ಹಚ್ಚಬಾರದು, ಇಟ್ಟವರೇ ಅದನ್ನು ತೆಗೆಯಬೇಕು. ಬೇರೆಯವರು ಇಟ್ಟ ನಿಶಾನೆ ತೆಗೆದವರಿಗೆ ಶೆಡ್ಡಿನ ಬಾಗಿಲು ಬಂದ್.

ಯಾರಿಗಾದರೂ ದೊಡ್ಡ ಗಾಯವಾದರೆ ರೈಲ್ವೆಗೆ ಕೀಲಿ ವಾಪಸ್ ಕೊಡಬೇಕೆಂಬ ಕರಾರಿನ ಮೇಲೆ ಶೆಡ್ಡು ಸಿಕ್ಕಿತ್ತು. ಶೆಡ್ಡು ಹೋದರೆ ಅಬ್ಬಾ ಮತ್ತೆ ಗೋಡೆ ನೋಡುತ್ತ ಕೂರುತ್ತಾರೆ... ಮಹೆಕ ಪುಂಡಲೀಕಪ್ಪನವರ ಕಡೆ ತಿರುಗಿದಳು.

"ಮಾಸ್ತರ್ರ, ಕಾಯಿದೆ ಅಂದ್ರ ಕಾಯಿದೆ. ಇವರನ್ನ ಕಳಸ್ರಿ."

ಪುಂಡಲೀಕಪ್ಪ ಗಡ್ಡ ಕೆರೆದುಕೊಂಡರು. "ಹೊಸಬ ಅದಾನವ್ವ. ಹೊರಗ ಹೊಸ ಹಳಿ ಹಾಕೋ ಕೆಲಸಕ್ಕ ಆಳು ಕಮ್ಮಿ ಅದಾರ. ಅಲ್ಲಿ ಮಾಡ್ಲಿ. ಶೆಡ್ಡಿನೊಳಗ ಕಾಲಿಡೂದು ಬ್ಯಾಡ. ಆತಿಲ್ಲೋ ತಮ್ಮಾ?"

"ಆತ್ರಿ," ಅಂದ ಶಾನವಾಜ. ಅಷ್ಟೇ. ವಾದವಿಲ್ಲ, ಕ್ಷಮೆಯಿಲ್ಲ. ಮಹೆಕಳಿಗೆ ಅದೇ ಇನ್ನೂ ಸಿಟ್ಟು ತರಿಸಿತು.

ಇನ್ನೊಬ್ಬನಾಗಿದ್ದರೆ ಮರುವಾರ ಬರುತ್ತಿರಲಿಲ್ಲ. ಇವನು ಡಂಬಳದ ಮೇಲೆ ಹಾದು ಬರುವ ಮೊದಲ ಬಸ್ಸಿಗೆ ಹಾಜರ್. ಊರಲ್ಲಿ ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಮಾಡುವವನಂತೆ. ಡಬ್ಬಿಯನ್ನು ಹೊರಗೆ ತಂದು ನಿಲ್ಲಿಸಿದರೆ ಒಳಗೆ ಜಾಗವಾಗುತ್ತದೆ, ಮ್ಯೂಸಿಯಂ ದೊಡ್ಡದಾಗುತ್ತದೆ ಎಂಬುದು ಎಲ್ಲರ ಕನಸು. ಆ ಕನಸಿನ ಹಳಿಗೆ ಅವನು ಬಿಸಿಲಲ್ಲಿ ಒಬ್ಬನೇ ಬೋಲ್ಟು ಬಿಗಿಯುತ್ತಿದ್ದ.

ಮಹೆಕ ಒಳಗಿಂದ ನೋಡುತ್ತಿದ್ದಳು. ನೋಡಬಾರದು ಅಂದುಕೊಂಡೇ ನೋಡುತ್ತಿದ್ದಳು ಪಾಪ!

ಅಬ್ಬಾ ಮಾತ್ರ ಚಹಾ ಹಿಡಿದುಕೊಂಡು ಹೋಗಿ ಅವನ ಪಕ್ಕದಲ್ಲೇ ಕೂರುತ್ತಿದ್ದರು. ಒಮ್ಮೆ ಅವರಿಬ್ಬರೂ ನಗುವುದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಅಬ್ಬಾ ಎದ್ದು ಹೋದ ಮೇಲೆ ಸೀದಾ ಅವನ ಮುಂದೆ ಹೋಗಿ ನಿಂತಳು.

"ತಪ್ಪಾತು ಅಂತ ಒಂದು ಮಾತು ಅನ್ನಾಕ ನಿಮಗ ಏನ್ ಕಷ್ಟ?"

ಶಾನವಾಜ ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟ. "ಕಷ್ಟ ಇಲ್ರಿ. ಅಂದ್ರ ಸುಳ್ಳಾಗತೈತಿ."

"ಹಂಗಾದ್ರ ನೀವು ತೆಗದಿಲ್ಲ? ಮತ್ಯಾರು ತೆಗೆದ್ರು?"

ಅವನು ಮತ್ತೆ ಪಾನಾ ಎತ್ತಿಕೊಂಡ.

"ಹೆಸರು ಹೇಳ್ರಿ."

"ನಿಮಗ ನನ್ನ ಮ್ಯಾಲೆ ಸಿಟ್ಟೈತಿ. ಇರ್ಲಿ ಬಿಡ್ರಿ. ನನ್ನ ಮ್ಯಾಲಽ ಇರ್ಲಿ."

ಎಂಥ ಸೊಕ್ಕು ಇವನಿಗೆ! ತಪ್ಪು ಮಾಡಿದ್ದೂ ಅಲ್ಲದೆ ಯಾರ ಮೇಲೋ ಹಾಕುತ್ತಾನಲ್ಲ... ಬಿರಬಿರನೆ ಒಳಗೆ ಬಂದಳು. ಆದರೆ ಅಂದು ಮನೆಗೆ ಹೋದ ಮೇಲೂ ಅವನ ದನಿ ಅವಳನ್ನು ಬಿಡಲಿಲ್ಲ. ಸುಳ್ಳು ಹೇಳುವವರ ದನಿ ಹಾಗಿರುತ್ತದೆಯೇ?

ಹೊಸ ಹಳಿ ಮುಗಿಯಿತು. ಡಬ್ಬಿಯನ್ನು ಹೊರಗೆ ತಳ್ಳುವ ಭಾನುವಾರವೂ ಬಂತು. ಬೆಳಿಗ್ಗೆ ನೋಡಿದರೆ ಬ್ರೇಕಿನ ಪಿನ್ನು ಸಡಿಲು. ಅದನ್ನು ಕೂರಿಸಲು ಶಾನವಾಜನೇ ಬೇಕಾಯಿತು.

"ಇವತ್ತೊಂದಿನ ಒಳಗ ಬರ್ಲಿ," ಅಂದರು ಪುಂಡಲೀಕಪ್ಪ. ಮಹೆಕ ಬೇಡ ಅನ್ನಲಿಲ್ಲ.

ಅವನು ಕೆಂಪು ನಿಶಾನೆ ಸಿಕ್ಕಿಸಿದ. ಅವಳು ನೋಡಿದ್ದನ್ನು ಖಾತ್ರಿ ಮಾಡಿಕೊಳ್ಳುವವನಂತೆ ಒಮ್ಮೆ ಅವಳ ಮುಖ ನೋಡಿ ಕೆಳಗೆ ನುಸುಳಿದ. ಪುಂಡಲೀಕಪ್ಪ ಉಳಿದವರನ್ನೆಲ್ಲ, ಕೈಗೆ ಕಬ್ಬಿಣದ ಹಾರೆ ಕೊಟ್ಟು, ಡಬ್ಬಿಯ ಆ ತುದಿಗೆ ಕರೆದೊಯ್ದರು. ಈ ತುದಿಯ ನಿಶಾನೆ ಕಂಡರೆ ನಿಲ್ಲು, ಕಾಣದಿದ್ದರೆ ತಳ್ಳು. ಅಷ್ಟೇ ಅವರಿಗೆ ಗೊತ್ತಿದ್ದದ್ದು.

ನೀರಿನ ಕೊಡ ತರಲು ಹೋಗಿದ್ದ ಮಹೆಕ ಬಾಗಿಲಲ್ಲಿ ನಿಂತುಬಿಟ್ಟಳು.

ಅಬ್ಬಾ ಡಬ್ಬಿಯ ಹತ್ತಿರ ಬಂದರು. ನಿಶಾನೆಯನ್ನು ಮೆಲ್ಲಗೆ ತೆಗೆದರು. ಬಟ್ಟೆಯನ್ನು ಕೋಲಿಗೆ ನೀಟಾಗಿ ಸುತ್ತಿದರು, ಕಂಕುಳಲ್ಲಿ ಇಟ್ಟುಕೊಂಡರು. ಅವಳು ಚಿಕ್ಕವಳಿದ್ದಾಗ ದಿನಾ ಸಂಜೆ ಅಬ್ಬಾ ಮನೆಗೆ ಬರುತ್ತಿದ್ದದ್ದು ಹೀಗೆಯೇ. ಅವಳನ್ನು ಕಂಡು ಅವರ ಮುಖ ಅರಳಿತು.

"ಡ್ಯೂಟಿ ಮುಗೀತು ಬೇಟಿ. ಹಿಡಿ, ಮನಿಗೆ ಹೋಗೂಣು."

ನಿಶಾನೆ ಅವಳ ಕೈಗೆ ಬಂತು. ಆ ತುದಿಯಲ್ಲಿ ತಳ್ಳಲು ಸೀಟಿ ಊದಿದರು.

"ಬ್ಯಾಡ! ನಿಲ್ರಿ!"

ಹಾರೆಗಳ ಸದ್ದಿನಲ್ಲಿ ಅವಳ ದನಿ ಯಾರಿಗೂ ಕೇಳಲಿಲ್ಲ. ಗಾಲಿ ಉರುಳತೊಡಗಿತು. ಕೊಡ ಎಲ್ಲಿ ಬಿತ್ತೋ... ಪಕ್ಕದಲ್ಲಿದ್ದ, ಹಳಿಯಡಿ ಹಾಸುವ ಸ್ಲೀಪರ್ ಕಟ್ಟಿಗೆಯ ತುಂಡನ್ನು ಎತ್ತಿ, ಬಗ್ಗಿ, ಗಾಲಿಯ ಮುಂದೆ ಒತ್ತಿ ಹಿಡಿದಳು. ಕಟ್ಟಿಗೆ ಅಂಗೈಯನ್ನು ಉಜ್ಜಿಕೊಂಡು ಗಾಲಿಗೆ ಸಿಕ್ಕಿಬಿತ್ತು.

ಕಟಕ್!

ಅದೇ ಸದ್ದು. ಮಹೆಕ ತನ್ನ ಅಂಗೈ ನೋಡಿಕೊಂಡಳು. ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು.

ಯಾ ಅಲ್ಲಾ... ಅವತ್ತು ಗಾಲಿ ತಾನಾಗಿ ನಿಂತಿರಲಿಲ್ಲ. ಅವನು ನಿಲ್ಲಿಸಿದ್ದ. ನಾನು ಅವನನ್ನು ಬಿಸಿಲಿಗೆ ನೂಕಿದೆ.

ಎಲ್ಲರೂ ಓಡಿ ಬಂದರು. ಶಾನವಾಜ ಕೆಳಗಿನಿಂದ ಹೊರಬಂದ. ಅವನ ಮೈಯೆಲ್ಲ ಎಣ್ಣೆ, ಆದರೆ ಎಲ್ಲೂ ಗಾಯವಿರಲಿಲ್ಲ.

ಪುಂಡಲೀಕಪ್ಪನ ಮುಖ ಬೆಳ್ಳಗಾಗಿತ್ತು. "ನಿಶಾನಿ ಯಾರು ತೆಗೆದ್ರು?"

ನಿಶಾನೆ ಮಹೆಕಳ ಕೈಯಲ್ಲಿತ್ತು.

ಅವಳು ಶಾನವಾಜನನ್ನು ನೋಡಿದಳು. ಅವನು ತಲೆಯನ್ನು ಸ್ವಲ್ಪವೇ ಆಡಿಸಿದ, ಹೇಳಬ್ಯಾಡ್ರಿ ಅನ್ನುವಂತೆ. ಪಕ್ಕದಲ್ಲಿ ಅಬ್ಬಾ ಏನೂ ತಿಳಿಯದೆ ಎಲ್ಲರ ಮುಖ ನೋಡುತ್ತಿದ್ದರು. ನಾನೇ ತೆಗೆದೆ ಅಂದುಬಿಟ್ಟರೆ ಮುಗಿಯಿತು. ಅಬ್ಬಾನ ಶೆಡ್ಡು ಅಬ್ಬಾನಿಗೆ ಉಳಿಯುತ್ತದೆ. ಆದರೆ ಮುಂದಿನ ಭಾನುವಾರ ಗಾಲಿಯ ಕೆಳಗೆ ಇನ್ಯಾರು ಇರುತ್ತಾರೋ...

"ಅಬ್ಬಾ ತೆಗೆದ್ರು, ಮಾಸ್ತರ್ರ." ಅವಳು ಶಾನವಾಜನ ಕಡೆ ತಿರುಗಿದಳು. "ಅವತ್ತೂ ಅವರಽ ತೆಗೆದಿದ್ರು. ತೆಗೆದು ಇವರ ಕೈಯಾಗ ಕೊಟ್ಟಿದ್ರು. ಖರೆ ಹೌದಲ್ರಿ?"

ಶಾನವಾಜ ತಲೆ ತಗ್ಗಿಸಿದ.

"ಯಾಕ ಬಾಯಿ ಬಿಡ್ಲಿಲ್ಲ ನೀವು? ಅವತ್ತಽ ಹೇಳಿದ್ರ ಇವತ್ತು ನೀವು ಸಾಯೂ ಹಂಗ ಆಗ್ತಿತ್ತೇನು?" ಸಿಟ್ಟೋ ಅಳುವೋ, ಅವಳಿಗೇ ತಿಳಿಯಲಿಲ್ಲ.

"ಚಾಚಾ ಮರವಿನ್ಯಾಗ ತೆಗೆದಿದ್ರು. ಹೇಳಿದ್ರ ಅವರ ಕಾಯಿದೆ ಅವರಿಗಽ ಬಡೀತಿತ್ತು. ಈ ಶೆಡ್ಡು ಬಿಟ್ರ ಅವರಿಗೆ ಏನೈತ್ರಿ? ವಾರಾ ವಾರಾ ಕಣ್ಣಿಟ್ಟು ಕಾಯ್ತಿದ್ದೆ... ಇವತ್ತು ಕೆಳಗ ಹೋಗಿದ್ದೆ. ನಂದೂ ತಪ್ಪೈತಿ."

ಓ, ಅದಕ್ಕೇ ಚಹಾದ ಹೊತ್ತಲ್ಲಿ ಅಬ್ಬಾನನ್ನು ತನ್ನ ಪಕ್ಕ ಕೂರಿಸಿಕೊಳ್ಳುತ್ತಿದ್ದದ್ದು!

ಅಲ್ಲಾಸಾಬರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. "ನಾ ತೆಗೆದ್ನಾ?" ಅಂದರು ಮೆಲ್ಲಗೆ. "ನನ್ನ ಮಗಳು ಕೆಳಗ ಇದ್ದಾಗ?" ಅವರು ಕೈ ಕೆಳಗಿಳಿಸಿದರು. "ಹಂಗಾದ್ರ ಕಾಯಿದೆ ಅಂದ್ರ ಕಾಯಿದೆ. ನಾ ಇನ್ನ ಡಬ್ಬಿ ಹಂತ್ಯಾಕ ಬರಾಂಗಿಲ್ಲ."

ಅವರು ಬಾಗಿಲ ಕಡೆ ತಿರುಗಿದರು. ಮಹೆಕ ಓಡಿಹೋಗಿ ಅವರ ತೋಳು ಹಿಡಿದಳು.

"ಅಲ್ಲಾಸಾಬ," ಪುಂಡಲೀಕಪ್ಪ ಕರೆದರು. "ಡಬ್ಬಿ ಹಂತ್ಯಾಕ ಬರಬ್ಯಾಡ. ಆದ್ರ ಬಾಗಲದಾಗ ಸ್ಟೇಷನ್ ಗಂಟಿ ಐತಲ್ಲ, ಅದನ್ನ ಹೊಡಿಯಾವ್ರು ಯಾರೂ ಇಲ್ಲ. ನೀ ಗಂಟಿ ಹೊಡೀದ ನಮ್ಮ ಡಬ್ಬಿ ಹೆಂಗ ಹೊಂಟೀತು?"

ಅಲ್ಲಾಸಾಬರು ಒಮ್ಮೆ ಗಂಟೆಯ ಕಡೆ ನೋಡಿದರು. ಆಮೇಲೆ ಹೋಗಿ ಗಂಟೆಯ ಪಕ್ಕದ ಬೆಂಚಿನ ಮೇಲೆ ಕೂತರು.

ಡಬ್ಬಿಯ ಕೆಳಗೆ ಎಲ್ಲರೂ ಬಗ್ಗಿ ನೋಡಿದ ಮೇಲೆಯೇ ಅವರು ಗಂಟೆ ಬಾರಿಸಿದರು. ಡಬ್ಬಿ ಕಿರ್ರೆನ್ನುತ್ತ ಶೆಡ್ಡು ದಾಟಿ, ಶಾನವಾಜ ಹಾಕಿದ ಹಳಿಯ ಮೇಲೆ ಬಂದು ಬಿಸಿಲಿಗೆ ನಿಂತಿತು. ಎಲ್ಲರೂ ಚಹಾಕ್ಕೆ ಹೋದರು. ಡಬ್ಬಿಯ ಮೆಟ್ಟಿಲ ಮೇಲೆ ಉಳಿದವರು ಇಬ್ಬರೇ.

"ಕೈ ತೋರಸ್ರಿ," ಅಂದ ಅವನು.

"ಮೊದಲ ನೀವು ತೋರಸ್ರಿ."

ಅವನ ಅಂಗೈಯಲ್ಲಿ ಒಂದು ಬಿಳಿಯ ಗೆರೆ ಉಳಿದಿತ್ತು. ಅವಳು ಅದನ್ನೇ ನೋಡುತ್ತ ಕೂತಳು, ಕಣ್ಣು ತುಂಬಿ ಬಂತು.

"ನಾ ನಿಮಗ ಭಾಳ ಅಂದೀನಿ..."

"ಅಂದೀರಿ," ಅವನು ನಕ್ಕ. "ಆದ್ರ ನಾ ವಾರಾ ವಾರಾ ಬರೂದು ಬರೇ ಚಾಚಾನ ಕಾಯಾಕ ಅಂತ ತಿಳಕೋಬ್ಯಾಡ್ರಿ. ಮೊದಲನೇ ದಿನಾನಽ ನೀವು ಬೈಯುವಾಗ ನನ್ನ ಮನಸ್ಸು ಇಲ್ಲೇ ಉಳದಬಿಟ್ಟೈತಿ. ನಿಮ್ಮ ಕಡೆ ಹೆಜ್ಜಿ ಇಡೂಣಂದ್ರ ನಡುವ ನೀವು ಇಟ್ಟ ಕೆಂಪು ನಿಶಾನಿ. ನಾ ತೆಗಿಯೂ ಹಂಗಿಲ್ಲ. ಇಟ್ಟವರಽ ತೆಗೀಬೇಕು."

ಮಹೆಕ ತನ್ನ ಮಡಿಲಲ್ಲಿ ಬಿಚ್ಚಿಕೊಂಡು ಬಿದ್ದಿದ್ದ ನಿಶಾನೆಯನ್ನು ಅಬ್ಬಾ ಸುತ್ತುವಂತೆಯೇ ನೀಟಾಗಿ ಕೋಲಿಗೆ ಸುತ್ತಿದಳು. ಅವನ ಕೈಯಲ್ಲಿ ಇಟ್ಟಳು.

"ತೆಗೆದೆ."

ಅವನು ನಿಶಾನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಹಂಗಾದ್ರ... ಮನಿಗೆ ಬಂದು ಚಾಚಾನ ಕೇಳ್ಲ್ಯಾ?"

"ಕೇಳ್ರಿ. ಹೂಂ ಅಂದು ಮರತುಬಿಟ್ರ?"

"ಮತ್ತ ಕೇಳ್ತೀನಿ. ದಿನಾ ಕೇಳ್ತೀನಿ."

ಅಳುತ್ತಲೇ ಅವಳು ನಕ್ಕಳು. ಅಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಗಂಟೆ ಮೊಳಗಿತು. ಹೊರಡುವ ಡಬ್ಬಿ ಯಾವುದೂ ಇರಲಿಲ್ಲ. ಅಬ್ಬಾನಿಗೆ ಬಾರಿಸಬೇಕು ಅನ್ನಿಸಿತ್ತು, ಬಾರಿಸಿದ್ದರು.

"ಕೇಳಿದ್ರಿಲ್ಲೋ," ಅಂದಳು ಮಹೆಕ, "ಗಂಟಿ ಆತು. ಇನ್ನ ಬರ್ರಿ."