ತಾಳ ಬಿಡದ ಹುಡುಗಿ

"ಯಾಕ್ರಿ, ತಾಳ ಹಿಂದಕ್ಕ ಜಗ್ಗಾಕ ಹತ್ತೀರಿ?"

ಭಜನೆ ನಡುವೆಯೇ ನಿಂತುಹೋಯಿತು! ಹಾರ್ಮೋನಿಯಂ ಮೇಲಿನ ಕೈ ತೆಗೆದು ಪ್ರಭುರಾಜ ತಬಲಾದ ಕಡೆ ನೋಡಿದ.

"ನಾ ಜಗ್ಗಿಲ್ರಿ. ನೀವು ಓಡಾಕ ಹತ್ತೀರಿ," ಎಂದಳು ಶಿವಲೀಲಾ. ದನಿ ಎತ್ತರಿಸಲಿಲ್ಲ. ಕಣ್ಣು ಮಾತ್ರ ತಗ್ಗಿಸಲಿಲ್ಲ.

ಮರಳಿಯ ಬಸವಣ್ಣನ ಗುಡಿಯಲ್ಲಿ ಕುಳಿತಿದ್ದ ಮಂದಿ ಗೊಳ್ಳೆಂದು ನಕ್ಕರು. ತಬಲಾದವನಿಗೆ ಜ್ವರವೆಂದು ಆ ಸೋಮವಾರ ಭಜನೆ ನಡೆಸುವ ದೇವೇಂದ್ರಪ್ಪನವರು ತಮ್ಮ ಮಗಳು ಶಿವಲೀಲಾಳನ್ನೇ ಕೂರಿಸಿದ್ದರು. ಗಂಗಾವತಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಪ್ರಭುರಾಜನಿಗೆ ಇದು ಗೊತ್ತಿರಲಿಲ್ಲ.

ಅವನು ಮತ್ತೆ ಹಾಡಿದ. ಮತ್ತೆ ಓಡಿದ. ಅವಳು ಅವನ ಹಿಂದೆ ಓಡಲಿಲ್ಲ, ಅವನನ್ನು ಬಿಟ್ಟೂ ಕೊಡಲಿಲ್ಲ. ತನ್ನ ನಡಿಗೆಯಲ್ಲೇ ನುಡಿಸುತ್ತ ಕಾದಳು. ಸ್ವಲ್ಪ ಹೊತ್ತಿಗೆ ಅವನ ಉಸಿರು ತಾನಾಗಿಯೇ ಹದಕ್ಕೆ ಬಂತು... ಆ ದಿನದ ಹಾಡು ಶಿವನಿಗೇ ಮುಟ್ಟಿತು ಎಂದು ಹಿರಿಯರು ಕೈ ಮುಗಿದರು.

'ಯಾರಿಕಿ! ನನ್ನ ದನಿ ನನಗs ಛಲೋ ಅನ್ನಿಸಿದ್ದು ಇವತ್ತs ಮೊದಲು...' ಪ್ರಭುರಾಜ ಮನೆಗೆ ಹೋಗುವ ದಾರಿಯುದ್ದಕ್ಕೂ ಇದನ್ನೇ ಅಂದುಕೊಂಡ.

ಆ ಹದ ಅವಳಿಗೆ ಸುಮ್ಮನೆ ಬಂದದ್ದಲ್ಲ. ಏಳನೆಯ ವಯಸ್ಸಿನಲ್ಲಿ ಅಪ್ಪ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಗಂಗಾವತಿಯ ರಫೀ ಚಾಚಾನ ಮನೆಗೆ ತಬಲಾ ಪಾಠಕ್ಕೆ ಕರೆದೊಯ್ಯುತ್ತಿದ್ದರು. ಚಾಚಾ ಅವಳೊಬ್ಬಳನ್ನೇ ಎದುರಿಗೆ ಕೂರಿಸಿಕೊಂಡು ಮೊದಲು ಬರೀ ಚಪ್ಪಾಳೆಯಲ್ಲಿ ತಾಳ ಹಾಕಿಸಿದರು. ಎಷ್ಟು ಬೇಡಿದರೂ ತಬಲಾ ಮುಟ್ಟಗೊಡಲಿಲ್ಲ.

"ಬೇಟಾ, ಹಾಡೋರ ಸಾಲು ಮುಗಿಯೂ ತನಕ ಕೈ ಎತ್ತಬ್ಯಾಡ. ಮೊದಲ ಕೇಳೂದು, ಆಮ್ಯಾಲ ಬಾರಸೂದು," ಎನ್ನುತ್ತಿದ್ದರು.

ಆ ಕೇಳುವ ಗುಣ ಅವಳ ರಕ್ತಕ್ಕೇ ಇಳಿಯಿತು. ಈಗ ಅವಳು ಆಸ್ಪತ್ರೆಯಲ್ಲಿ ನರ್ಸ್. ಕೂಸು ಎಷ್ಟೇ ಚೀರಲಿ, ಸೂಜಿ ಹಿಡಿದ ಅವಳ ಕೈ ನಡುಗುವುದಿಲ್ಲ. ಮುದುಕರು ತಮ್ಮ ನೋವನ್ನು ಎಷ್ಟು ಸುತ್ತಿ ಬಳಸಿ ಹೇಳಿದರೂ ಅವಳು ನಡುವೆ ಬಾಯಿ ಹಾಕುವುದಿಲ್ಲ. ಭಾನುವಾರ ಬೆಳಿಗ್ಗೆ ತನ್ನ ಪಡಸಾಲೆಯಲ್ಲಿ ಊರ ಮಕ್ಕಳಿಗೆ ಒಬ್ಬೊಬ್ಬರಿಗೇ ತಬಲಾ ಪಾಠ ಹೇಳುತ್ತಾಳೆ.

ಮದುವೆಗೆ ಅಡ್ಡವಾದದ್ದೂ ಅದೇ! "ಸೊಸಿ ತಬಲಾ ಬಾರಿಸಿದ್ರ ಮಂದಿ ಏನಂತಾರ?" ಎಂದು ಹೆಣ್ಣು ನೋಡಲು ಬಂದ ಕುಷ್ಟಗಿಯವರು ಎದ್ದು ಹೋಗಿದ್ದರು. ಪಾಠ ಬಿಡಿಸುವ ಮನೆಗೆ ಕಾಲಿಡುವುದಿಲ್ಲ ಎಂದು ಅವಳೂ ಗಟ್ಟಿ ಮಾಡಿಕೊಂಡಿದ್ದಳು.

ಅವಳೇ ತಬಲಾಕ್ಕೆ ಕುಳಿತ ಕೆಲವು ಸೋಮವಾರಗಳು ಕಳೆದವು. ಪ್ರಭುರಾಜನ ತಾಯಿಯೇ ಅವನನ್ನು ಕರೆದುಕೊಂಡು ಹೆಣ್ಣು ಕೇಳಲು ಬಂದರು! ಶಿವಲೀಲಾಳ ಎದೆ ಹೂವಿನಷ್ಟು ಹಗುರವಾಯಿತು. ಹಿರಿಯರು ಚಹಾ ಕುಡಿಯುವಾಗ ಇಬ್ಬರನ್ನೂ ಕಟ್ಟೆಯ ಮೇಲೆ ಮಾತಾಡಲು ಬಿಟ್ಟರು.

"ಮದುವಿ ಆದಮ್ಯಾಲ... ಈ ತಬಲಾ, ಈ ಹುಡುಗರ ಪಾಠ..." ಎಂದು ಪ್ರಭುರಾಜ ನಿಲ್ಲಿಸಿದ. ಹಣೆಯ ಬೆವರು ಒರೆಸಿಕೊಂಡ.

ಅವಳು ಕಾದಳು. ಅವಳ ಬದುಕೆಲ್ಲ ಆ ಮಾತಿನ ತುದಿಯಲ್ಲಿತ್ತು... 'ಹೇಳ್ರಿ, ಪೂರ್ತಿ ಹೇಳ್ರಿ...'

ಅವಳ ಮೌನ ನೋಡಿ ಅವನ ಮುಖ ಬಾಡಿತು. "ಬರ್ತೀನ್ರಿ," ಎಂದವನೇ ಎದ್ದುಬಿಟ್ಟ!

ಆ ವಾರವೇ ಅಪ್ಪ ಬಂದು ಹೇಳಿದರು, "ಪ್ರಭುರಾಜ ಫೋನ್ ಮಾಡಿದ್ದ, ಮಗಳ. ಇನ್ನ ತಬಲಾಕ್ಕ ನಿನ್ನ ಬದಲಿ ಹುಲಿಹೈದರದ ತಿರುಪತಿನ್ನ ಕರಸ್ರಿ ಅಂದ."

'ಇವರೂ ಆ ಕುಷ್ಟಗಿಯವರಂಗs ಏನು?' ಶಿವಲೀಲಾ ದೇವರ ಮುಂದೆ ದೀಪ ಹಚ್ಚಿ, ಕಣ್ಣೊರೆಸಿಕೊಂಡಳು.

ಭಾನುವಾರ ಪಡಸಾಲೆಯಲ್ಲಿ ಮಕ್ಕಳ ಚಪ್ಪಾಳೆ ನಡೆದಿತ್ತು. ಬಾಗಿಲಲ್ಲಿ ಪ್ರಭುರಾಜ! ಅವನ ಕೈ ಹಿಡಿದು ಅವನ ಅಕ್ಕನ ಮಗಳು ಕವಿತಾ ನಿಂತಿದ್ದಳು.

"ಈಕಿಗೆ ಕಲಸ್ತೀರೇನ್ರಿ? ನಿಮ್ಮಂಗ ಆಗಬೇಕಂತ."

"ನನ್ನ ಬದಲಿ ಬ್ಯಾರೆಯವರನ್ನ ಕರಸಿ, ಈಗ ಕೂಸಿನ್ನ ಇಲ್ಲಿಗೆ ತಂದೀರಲ್ಲ! ನಾಚಿಕಿ ಬರಂಗಿಲ್ಲೇನ್ರಿ ನಿಮಗ?"

ಮಕ್ಕಳ ಚಪ್ಪಾಳೆ ನಿಂತಿತು. ಪ್ರಭುರಾಜ ತಲೆ ತಗ್ಗಿಸಿದ.

"ಅವತ್ತು ನೀವು ಒಂದು ಮಾತೂ ಆಡಲಿಲ್ಲ. ಮನಸ್ಸಿಲ್ಲದವರನ್ನ ವಾರವಾರ ಎದುರಿಗೆ ಕುಂದರಸೂದು ಪಾಪ ಅನ್ನಿಸ್ತು..."

"ಮನಸ್ಸಿಲ್ಲಂತ ಯಾರು ಹೇಳಿದ್ರು?" ಅವಳು ಎದ್ದು ಬಾಗಿಲಿಗೆ ಬಂದಳು. "ನಿಮ್ಮ ಮಾತs ಮುಗದಿದ್ದಿಲ್ಲರಿ. ಸಾಲು ಮುಗಿಯೂ ಮುಂಚೆ ನಡುವ ಹೆಂಗ ಬರ್ಲಿ? ಹಂಗ ಕಲತಾಕಿ ಅಲ್ಲ ನಾನು!"

ಅವನು ಬೆರಗಾಗಿ ನೋಡಿದ. ಆಮೇಲೆ ಮೆಲ್ಲಗೆ ನಕ್ಕ.

"ನಾ ಬರೀ ಕಿವಿಯಿಂದ ಕಲತಾವ್ರಿ. ಸಣ್ಣಾವಿದ್ದಾಗ ನನ್ನ ಎದುರು ಕುಂತು ತಿದ್ದೋರು ಯಾರೂ ಇದ್ದಿಲ್ಲ. ಅದಕ್ಕs ಹಾಡಿನಾಗೂ ಓಡ್ತೀನಿ, ಮಾತಿನಾಗೂ ಓಡ್ತೀನಿ. ಈಗ ಮುಗಸ್ಲೇನು?"

"ಮುಗಸ್ರಿ."

"ಈ ತಬಲಾ, ಈ ಹುಡುಗರ ಪಾಠ... ನಮ್ಮ ಮನಿಯಾಗೂ ನಡೀಬೇಕು. ಅದಕ್ಕ ಯಾವ ಖೋಲಿ ಕೊಡ್ಲಿ ಅಂತ ಕೇಳಾಕ ಹೊಂಟಿದ್ದೆ."

ಶಿವಲೀಲಾಳ ಕಣ್ಣು ತುಂಬಿ ಬಂತು. ಒಳಗೊಳಗೇ ಬಸವಣ್ಣನಿಗೆ ಕೈ ಮುಗಿದಳು.

"ಬಾಗಲಕ್ಕ ಹತ್ತಿರ ಇರೂದು ಕೊಡ್ರಿ. ಹುಡುಗರು ಬರಾಕ ಹೋಗಾಕ ಸಸಾರ."

"ಅಂದ್ರ... ನನ್ನ ಮದುವಿ ಆಗ್ತೀರೇನ್ರಿ?"

"ಆಗ್ತೀನ್ರಿ."

"ಮಾಮಾ, ನನ್ನ ಪಾಠ?" ಕವಿತಾ ಅವನ ಅಂಗಿ ಎಳೆದಳು. ಎಲ್ಲರೂ ನಕ್ಕರು.

ಶಿವಲೀಲಾ ಅವಳನ್ನು ಮಕ್ಕಳ ಸಾಲಿನಲ್ಲಿ ಕೂರಿಸಿದಳು. ಪ್ರಭುರಾಜ ಚಪ್ಪಲಿ ಬಿಟ್ಟು ಬಂದು, ಕವಿತಾಳ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತ!

"ಇದೇನ್ರಿ?"

"ನಾನೂ ಕಲೀತೀನಿ. ಎಷ್ಟು ದಿನ ಬೇಕಾಗ್ತೈತ್ರಿ?"

"ನಾ ಸಾಕು ಅನ್ನೂ ತನಕ."

ಅವನು ಅವಳ ಮುಖವನ್ನೇ ನೋಡುತ್ತ ಮೆಲ್ಲಗೆ ಹೇಳಿದ, "ಹಂಗಾದ್ರ... ಯಾವತ್ತೂ ಅನ್ನಬ್ಯಾಡ್ರಿ."