ದೂರು ನಿಂತ ವಾರ

ಸೋಮವಾರ, ನವೆಂಬರ್ ಹದಿನೇಳು. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಿಂದ ರೈಲಿನಲ್ಲಿ ಎರಡು ನಿಲ್ದಾಣ ದಾಟಿದರೆ ಸಿಗುವ ಊರದು. ಪೊಲೀಸ್ ಠಾಣೆಯ ಬಾಗಿಲು ತೆರೆಯುವ ಮೊದಲೇ ಒಬ್ಬ ಹುಡುಗಿ ಸೈಕಲ್ ಹಿಡಿದುಕೊಂಡು ಹೊರಗೆ ನಿಂತಿದ್ದಳು. ಏನು ದೂರು ಎಂದು ಕೌಂಟರಿನವನು ಕೇಳಿದ. ನನ್ನ ಮೇಲೇ ದೂರು, ಒಬ್ಬನನ್ನು ಕೊಂದಿದ್ದೇನೆ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಇನ್‌ಸ್ಪೆಕ್ಟರ್ ವಾಸಂತಿಗೆ ಫೋನ್ ಮಾಡಿದ.

ವಾಸಂತಿ ಹುಟ್ಟಿದ್ದು ಮೈಸೂರಿನಲ್ಲಿ. ಅಪ್ಪನ ಕೆಲಸದ ದೆಸೆಯಿಂದ ಆರನೇ ವಯಸ್ಸಿಗೆ ಇಲ್ಲಿಗೆ ಬಂದು, ಇಲ್ಲೇ ಓದಿ, ಇಲ್ಲೇ ಪೊಲೀಸ್ ಸೇರಿದವಳು. ಠಾಣೆಯಲ್ಲಿ ಅವಳ ಕನ್ನಡಕ್ಕೆ ಅದುವರೆಗೆ ಕೆಲಸ ಬಿದ್ದಿರಲಿಲ್ಲ.

"ಹೆಸರು?"

"ನಿಸರ್ಗ ರೀ. ಧಾರವಾಡದಾಕಿ. ಲೈಡನ್‌ನಾಗ ಮಾಸ್ಟರ್ಸ್ ಓದಾಕತ್ತೀನಿ."

"ಯಾರು ಸತ್ತಿದ್ದು?"

"ಚಿರಂತನ. ನನ್ನ ಕ್ಲಾಸ್‌ಮೇಟ್. ಶನಿವಾರ, ಮೆಸ್ಸಿನ ಅಡಗಿಮನಿಯೊಳಗ."

"ನೀವೇನು ಮಾಡಿದ್ರಿ?"

"ಕಿಟಕಿ ಹಾಕಿದೆ ರೀ."

ಶನಿವಾರದ ವರದಿ ವಾಸಂತಿಯ ಮೇಜಿನ ಮೇಲೇ ಇತ್ತು. ನರಹರಿ ಎಂಬವರು ಹಳೆಯ ಗ್ಯಾರೇಜೊಂದನ್ನು ಅಡುಗೆಮನೆ ಮಾಡಿಕೊಂಡು ಕನ್ನಡದ ಹುಡುಗರಿಗೂ ಐಟಿಯವರಿಗೂ ಊಟದ ಡಬ್ಬಿ ಕಳಿಸುತ್ತಿದ್ದರು. ಅಲ್ಲಿ ಬಿಡುವಿನ ವೇಳೆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿಯೊಬ್ಬ ಕಾರ್ಬನ್ ಮೊನಾಕ್ಸೈಡ್ ವಿಷಗಾಳಿ ಕುಡಿದು ಸತ್ತಿದ್ದ. ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜೊತೆಯ ಹುಡುಗಿ ಕಿಟಕಿ ಮುಚ್ಚಿ ಹೋಗಿದ್ದಳೆಂದು ಮಾಲೀಕರ ಹೇಳಿಕೆ. ಆಕಸ್ಮಿಕ ಎಂದು ಬರೆದು ಮುಗಿಸಲು ಒಂದು ಸಹಿ ಬಾಕಿಯಿತ್ತು.

"ವಾಗೆನಿಂಗನ್ ಯೂನಿವರ್ಸಿಟಿ ಹುಡುಗರ ಪ್ರೋಗ್ರಾಮಿಗೆ ಬಿಸಿಬೇಳೆಬಾತ್ ಆರ್ಡರ್ ಇತ್ತು ರೀ," ನಿಸರ್ಗ ಹೇಳಿದಳು. "ಎರಡು ದೊಡ್ಡ ಒಲಿ, ಮುಂಜಾನಿಂದ ಒಂದಾ ಸವನ. ಮೊದಲನೇ ಪಾತ್ರಿ ನಾ ನರಹರಿ ಅಂಕಲ್ ವ್ಯಾನಿಗೆ ಹಾಕಿಸಾಕ ಹೊಂಟೆ. ಅಂವಾ ಉಳ್ಳಾಗಡ್ಡಿ ಹೆಚ್ಚಕೋತ ನಿಂತಿದ್ದ. 'ಏ ಪೇಢಾ, ಹೋಗೋವಾಗ ಕಿಟಕಿ ಹಾಕೇ, ಚಳಿ' ಅಂದ. ಹಾಕಿದೆ. ಅರ್ಧ ತಾಸು ಬಿಟ್ಟು ತಿರುಗಿ ಬಂದಾಗ ಅಕ್ಕಿ ಚೀಲಕ್ಕ ಒರಗಿ ಕುಂತಿದ್ದ. ನಿದ್ದಿ ಹತ್ತೇತೇನೋ ಅಂತ ಬೈದೆ ರೀ ಮೇಡಂ. ಬೈದೆ."

ಅವಳು ಅಳಲಿಲ್ಲ. ಅವಳ ಮುಂದಿಟ್ಟ ಕಾಫಿ ಹಾಗೇ ಆರಿತು. ವಾಸಂತಿ ಸಹಿ ಹಾಕದೆ ಆ ವರದಿಯನ್ನು ಪಕ್ಕಕ್ಕಿಟ್ಟಳು.

ಮಧ್ಯಾಹ್ನ ಅವಳೂ ಕಾನ್‌ಸ್ಟೇಬಲ್ ರೂಬೆನನೂ ಸ್ಥಳ ಮಹಜರಿಗೆ ಹೋದರು. ಗ್ಯಾರೇಜಿನ ಒಳಗೆ ಎಲ್ಲವೂ ನೀಟಾಗಿತ್ತು. ಒಲೆಗಳ ಮೇಲೆ ಗೋಡೆಯುದ್ದಕ್ಕೂ ಸ್ಟೀಲಿನ ಚಿಮಣಿ. ರೂಬೆನ್ ತಲೆಯೆತ್ತಿ ಸೂರಿನಲ್ಲಿದ್ದ ಹೊಗೆ ಅಲಾರಮ್ ತೋರಿಸಿದ. ಅದಕ್ಕೆ ಯಾರೋ ಸ್ನಾನಕ್ಕೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಟೋಪಿ ತೊಡಿಸಿದ್ದರು.

"ಇದಕ್ಯಾಕೆ ಟೋಪಿ? ನೆಗಡಿಯಾ?"

"ಒಗ್ಗರಣೆ," ಎಂದಳು ವಾಸಂತಿ. "ಮೆಣಸಿನಕಾಯಿ ಘಾಟಿಗೆ ಅದು ಕೂಗುತ್ತೆ. ನಮ್ಮಮ್ಮನೂ ಹಾಕ್ತಾರೆ. ಇಲ್ಲಿರೋ ನಮ್ಮ ಅರ್ಧ ಮನೆಗಳಲ್ಲಿ ಇದೇ ಕತೆ."

ಹಾಗೆಂದವಳು ಅಲ್ಲೇ ನಿಂತಳು. ಅಮ್ಮ ಟೋಪಿ ಹಾಕುವುದು ಅವರ ಅಪಾರ್ಟ್‌ಮೆಂಟಿನ ಚಿಮಣಿ ಅಂಗೈಯಷ್ಟಗಲ ಇರುವುದಕ್ಕೆ. ಒಗ್ಗರಣೆ ಮುಗಿದ ಮೇಲೆ ತೆಗೆಯುತ್ತಾರೆ. ಈ ಟೋಪಿಯ ಮೇಲೆ ಎಣ್ಣೆಜಿಡ್ಡು ಹಳದಿಯಾಗಿ ಕಟ್ಟಿಕೊಂಡಿತ್ತು, ವಾರಗಟ್ಟಲೆ ಯಾರೂ ತೆಗೆದಿರಲಿಲ್ಲ. ಇಷ್ಟು ದೊಡ್ಡ ಚಿಮಣಿ ಹೊಗೆಯನ್ನೆಲ್ಲ ಎಳೆದುಕೊಂಡರೆ ಅಲಾರಮ್ ಕೂಗುವುದಾದರೂ ಯಾಕೆ?

"ಫ್ಯಾನ್ ಹಾಕು."

ಫ್ಯಾನ್ ಜೋರಾಗಿ ಸದ್ದು ಮಾಡುತ್ತ ತಿರುಗಿತು. ವಾಸಂತಿ ಜೇಬಿನಿಂದ ಟಿಶ್ಯೂ ಪೇಪರೊಂದನ್ನು ತೆಗೆದು ಚಿಮಣಿಯ ಜಾಲರಿಗೆ ಹಿಡಿದು ಕೈಬಿಟ್ಟಳು. ಅಂಟಿಕೊಳ್ಳಬೇಕಿದ್ದ ಕಾಗದ ತೂರಾಡಿಕೊಂಡು ಒಲೆಯ ಮೇಲೆ ಬಿತ್ತು.

ರೂಬೆನ್ ಏಣಿ ಹಾಕಿ ಛಾವಣಿ ಹತ್ತಿದ. ಹೊಗೆ ಕೊಳವೆಯ ಬಾಯಿಂದ ಅವನು ಎಳೆದು ತೆಗೆದದ್ದು ಒಂದು ಸೋನಾ ಮಸೂರಿ ಅಕ್ಕಿ ಚೀಲ, ಒಳಗೆ ಹಳೆಯ ಕಂಬಳಿ ತುರುಕಿ ಬಿಗಿಯಾಗಿ ಕಟ್ಟಿದ್ದು. ಕೆಳಗೆ ಚಮಚಗಳ ಡ್ರಾಯರಿನಲ್ಲಿ ವಿಷಗಾಳಿಯ ಅಲಾರಮ್ ಸಿಕ್ಕಿತು. ಅದರ ಬ್ಯಾಟರಿ ಪಕ್ಕದಲ್ಲೇ ಇತ್ತು. ಪಂಚನಾಮೆಯಲ್ಲಿ ಮೂರು ವಸ್ತು ಬರೆದು ಸೀಲ್ ಮಾಡಿದರು.

ನರಹರಿಯವರನ್ನು ಠಾಣೆಗೆ ಕರೆಸಿದಾಗ ಸಂಜೆಯಾಗಿತ್ತು. ಐವತ್ತು ದಾಟಿದ, ಕನ್ನಡಕದ ಮನುಷ್ಯ. ಮೂರು ದಿನದಿಂದ ಗಡ್ಡ ಬೋಳಿಸಿರಲಿಲ್ಲ.

"ಮೈಸೂರಾ ನೀವು? ಯಾವ ಕಡೆ?"

"ಸರಸ್ವತಿಪುರಂ. ಕೊಳವೆಗೆ ಚೀಲ ತುರುಕಿದ್ದು ಯಾರು?"

"ಚೀಲ? ಹುಡುಗರಿರ್ಬೇಕು. ಚಳಿ ಚಳಿ ಅಂತಿದ್ರು. ಆ ಹುಡುಗಿ ಕಿಟಕೀನೂ ಹಾಕ್ಬಿಟ್ಟಿದ್ದಾಳೆ ನೋಡಿ."

"ಅಲಾರಮ್ಮಿಗೆ ಟೋಪಿ?"

"ಅದು ಎಲ್ರೂ ಹಾಕ್ತಾರಮ್ಮ. ನಿಮಗೆ ಗೊತ್ತಿಲ್ವಾ?"

"ಗೊತ್ತು," ಎಂದಳು ವಾಸಂತಿ. ಆ ದಿನ ಅವರನ್ನು ಮನೆಗೆ ಕಳಿಸಿದಳು.

ಮರುದಿನ ಅವಳು ಖೆಮೇಂಟೆಗೆ, ಅಂದರೆ ಊರಿನ ನಗರಸಭೆಗೆ ಹೋದಳು. ಅಲ್ಲಿ ಅಡುಗೆಮನೆಗಳ ತಪಾಸಣೆ ನೋಡುತ್ತಿದ್ದವರು ಮಾರ್ಲೂಸ್ ಎಂಬ ಅಧಿಕಾರಿ. ಸಾವಿನ ಸುದ್ದಿ ಅವರಿಗೆ ತಲುಪಿತ್ತು. ಮಾತು ಡಚ್ಚಿನಲ್ಲಿ ನಡೆಯಿತು.

"ಅಕ್ಟೋಬರ್ ಮೊದಲ ವಾರ ನಾನೇ ಹೋಗಿದ್ದೆ. ಮುಂಚೆಯೇ ತಿಳಿಸಿ ಹೋಗಿದ್ದೆ. ಫ್ಯಾನ್, ಕೊಳವೆ, ಅಲಾರಮ್, ಎಲ್ಲಾ ಸರಿಯಿತ್ತು. ದೂರು ಇದ್ದಿದ್ದು ವಾಸನೆ ಬಗ್ಗೆ. ಗ್ಯಾರೇಜಿನ ಹಿಂದಿನ ಮನೆಯವರದು. ಇನ್ನೊಂದು ದೂರು ಬಂದ್ರೆ ಹೇಳದೆ ಕೇಳದೆ ಬಂದು ಬಾಗಿಲು ಹಾಕಿಸಬೇಕಾಗುತ್ತೆ ಅಂದೆ."

"ಆಮೇಲೆ ಮತ್ತೆ ಹೋಗಿದ್ರಾ?"

"ಇಲ್ಲ. ದೂರೇ ಬರಲಿಲ್ಲ. ಫಿಲ್ಟರ್ ಹಾಕಿಸಿದ್ದಾರೆ ಅಂದುಕೊಂಡು ಫೈಲ್ ಮುಚ್ಚಿದೆ."

"ಒಳಗೆ ಕೆಲಸ ಮಾಡೋರ ಗತಿ?"

"ಹೊರಗೆ ಬರೋ ಹೊಗೆ ನಮ್ಮದು. ಕೆಲಸದವರು ಒಳಗೆ ಉಸಿರಾಡೋ ಗಾಳಿ ಕಾರ್ಮಿಕ ಇಲಾಖೆಯದು. ಅವರನ್ನ ಕರೆಯೋಕೆ ನನಗೆ ಕಾರಣ ಇರಲಿಲ್ಲ. ಏನೂ ವಾಸನೆ ಬರ್ತಿರಲಿಲ್ಲವಲ್ಲ, ಕಾರಣ ಎಲ್ಲಿಂದ ಬರಬೇಕು?" ಎಂದವರು ಕಿಟಕಿಯ ಕಡೆ ತಿರುಗಿ ಕೂತರು.

ಹಿಂದಿನ ಮನೆಯಲ್ಲಿದ್ದ ಕೊರ್ನೆಲಿಸ್ ಎಂಬ ಮುದುಕ ಬಟ್ಟೆ ಒಣಹಾಕುತ್ತಿದ್ದ. ವಾಸನೆ ಯಾವಾಗ ನಿಂತಿತೆಂದು ವಾಸಂತಿ ಕೇಳಿದಳು.

"ಅಕ್ಟೋಬರ್ ಇಪ್ಪತ್ತು. ನನ್ನ ಮೊಮ್ಮಗಳ ಹುಟ್ಟುಹಬ್ಬ, ಅಂಗಳದಲ್ಲಿ ಕೇಕ್ ತಿಂದ್ವಿ. ಹಿಂದಿನ ದಿನದವರೆಗೂ ಇತ್ತು, ಅವತ್ತು ಫುಲ್ ಸ್ಟಾಪ್. ಮಾರನೇ ದಿನ ಹೋಗಿ ಆ ಮನುಷ್ಯನಿಗೆ ಬಿಸ್ಕತ್ತು ಕೊಟ್ಟು ಥ್ಯಾಂಕ್ಸ್ ಹೇಳಿದೆ. ಅವನೊಬ್ಬನೇ ಇದ್ದ. ತುಂಬಾ ಸಂತೋಷಪಟ್ಟ." ಸ್ವಲ್ಪ ತಡೆದು ಕೇಳಿದ, "ಆ ಹುಡುಗ, ಹೋಗ್ತಾ ಬರ್ತಾ ನನಗೆ ಕೈಬೀಸ್ತಿದ್ನಲ್ಲ, ಅವನೇನಾ?"

ವಾಸಂತಿ ಹೌದೆಂದಳು. ಮುದುಕ ಒದ್ದೆ ಅಂಗಿಯನ್ನು ಮತ್ತೆ ಬುಟ್ಟಿಗೆ ಹಾಕಿ ಒಳಗೆ ಹೋದ.

ವಾಸನೆ ನಿಂತ ಆ ವಾರ ಎಲ್ಲಿದ್ದಿರಿ ಎಂದು ನಿಸರ್ಗಳಿಗೆ ಫೋನ್ ಮಾಡಿದಾಗ ಉತ್ತರ ಸಲೀಸಾಗಿ ಬಂತು. "ಎಕ್ಸಾಮ್ ವಾರ ಅಲ್ರಿ. ನಾವಿಬ್ರೂ ರಜಾ ಹಾಕಿದ್ವಿ. ಅಂಕಲ್ ಒಬ್ರ ಮಾಡಿದ್ರು. ತಿರುಗಿ ಬಂದಾಗಿಂದ ಒಳಗ ಹೊಗಿ ಜಾಸ್ತಿ ಆಗಿತ್ತು. ಕೇಳಿದ್ರ, ಫಿಲ್ಟರ್ ಹಳೇದಾಗೇತಿ ಅಂದ್ರು." ವಿಶ್ವವಿದ್ಯಾಲಯದ ಹಾಜರಿಯೂ ಅದನ್ನೇ ಹೇಳಿತು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ನರಹರಿ ಮತ್ತೆ ಅದೇ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ವಕೀಲರಿದ್ದರು.

"ಕೊರ್ನೆಲಿಸ್ ಬಿಸ್ಕತ್ತು ಕೊಟ್ಟಾಗ ನೀವೇನಂದ್ರಿ?"

ನರಹರಿಯವರ ಕೈ ಕನ್ನಡಕಕ್ಕೆ ಹೋಯಿತು.

"ವಾಸನೆ ಹೇಗೆ ನಿಂತಿತು ಅಂತ ಅವರು ಕೇಳ್ಲಿಲ್ವಾ?"

"ಕೇಳಿದ್ರು. ಹೊಸ ಟೆಕ್ನಾಲಜಿ ಅಂದೆ."

"ಹುಡುಗರು ಆ ವಾರ ಕೆಲಸಕ್ಕೇ ಬಂದಿರಲಿಲ್ಲ, ಅಲ್ವಾ?"

ವಕೀಲರು ಸುಮ್ಮನಿರಿ ಎಂಬಂತೆ ಅವರ ತೋಳು ಮುಟ್ಟಿದರು. ನರಹರಿ ಮೆಲ್ಲಗೆ ತೋಳು ಬಿಡಿಸಿಕೊಂಡರು.

"ಜನವರಿಗೆ ಫಿಲ್ಟರ್ ಬರೋದಿತ್ತಮ್ಮ. ಆರ್ಡರ್ ಹಾಕಿದ್ದೆ. ಅಲ್ಲೀತಂಕ ಹೇಗೋ ನಡೀಲಿ ಅಂತ ಚೀಲ ತುರುಕಿದೆ. ಹೊಗೆ ಒಳಗೇ ಸುತ್ತೋದು, ಅಲಾರಮ್ ಕೂಗೋದು. ಟೋಪಿ ಹಾಕಿದೆ. ಇನ್ನೊಂದೂ ಕೂಗ್ತು. ಎರಡೂ ಬೆಳ್ಳಗೆ, ಗುಂಡಗೆ. ಅದೂ ಒಗ್ಗರಣೆಗೇ ಕೂಗ್ತಿದೆ ಅಂದ್ಕೊಂಡು ಬ್ಯಾಟರಿ ತೆಗ್ದೆ."

"ಅದು ಒಗ್ಗರಣೆಗೆ ಕೂಗೋದಲ್ಲ."

"ಈಗ ಗೊತ್ತಾಯ್ತು." ಅವರು ಮೇಜನ್ನೇ ನೋಡುತ್ತಿದ್ದರು. "ನಂಗೂ ದಿನಾ ತಲೆನೋವು ಬರ್ತಿತ್ತು. ಕಾಫಿ ಕಡಿಮೆಯಾಯ್ತು ಅಂತ ಎರಡು ಲೋಟ ಜಾಸ್ತಿ ಕುಡಿದೆ. ಚಿರಂತನನೂ ಅಂತಿದ್ದ, 'ಅಂಕಲ್, ನಿಮ್ಮ ಹುಳಿ ಕುದಿಯೋ ಹೊತ್ತಿಗೆ ನಂಗೆ ತಲೆ ಸಿಡಿಯತ್ತೆ' ಅಂತ. ನಕ್ಕೆ ನಾನು."

ವಾಸಂತಿ ಬರೆದುಕೊಂಡಳು. ಕೇಳಬೇಕಿದ್ದುದು ಇನ್ನೂ ಒಂದಿತ್ತು.

"ಆ ಹುಡುಗಿ ಮೇಲೆ ಯಾಕೆ ಹಾಕಿದ್ರಿ?"

ಹೊರಗೆ ಯಾರದೋ ಸೈಕಲ್ ಬೆಲ್ ಕೇಳಿ ಮರೆಯಾಯಿತು.

"ಅವಳು ಕಿಟಕಿ ತೆಗ್ದಾಗೆಲ್ಲ ನಾನೇ ಬೈತಿದ್ದೆ. ಅದ್ರಿಂದ್ಲೂ ವಾಸನೆ ಹೊರಗೆ ಹೋಗತ್ತೆ ಅಂತ. ಅಡಿಗೆ ಮಾಡೋವಾಗ ತೆಗೀಬಾರ್ದು ಅಂತ ಇಬ್ರಿಗೂ ರೂಲ್ ಮಾಡಿದ್ದೆ. ಅವನು ಚಳಿ ಅಂದಿರ್ಬಹುದು. ಚಳಿ ಇಲ್ದಿದ್ರೂ ಅವಳು ಮುಚ್ಚಲೇಬೇಕಿತ್ತು. ಇದನ್ನ ಬರ್ಕೊಳಿ. ಇದು ಬಿಟ್ಟುಹೋಗ್ಬಾರ್ದು."

ಹನ್ನೊಂದೂವರೆಗೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಆರೋಪದ ಮೇಲೆ ನರಹರಿಯವರನ್ನು ಬಂಧಿಸಲಾಯಿತು. ಬೆಲ್ಟು, ಉಂಗುರ ತೆಗೆದುಕೊಡುವಾಗ ಅವರು ರೂಬೆನನಿಗೆ ಡಚ್ಚಿನಲ್ಲಿ ಥ್ಯಾಂಕ್ಸ್ ಹೇಳಿದರು. ಮನೆಗೆ ಬಂದವರಿಗೆ ಹೇಳುವ ಹಾಗೆ.

ನಿಸರ್ಗ ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ವಾಸಂತಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ನಿನ್ನ ಮೇಲೆ ಕೇಸಿಲ್ಲ ಎಂದಾಗ ಹುಡುಗಿಯ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಮೇಡಂ, ನಾ ಕಿಟಕಿ ಹಾಕಲಾರ್ದ ಹೋಗಿದ್ರ ಉಳೀತಿದ್ನೇನ್ರಿ?"

ಆ ಬೆಳಿಗ್ಗೆ ಬಂದಿದ್ದ ತಜ್ಞರ ವರದಿಯಲ್ಲಿ ಇದಕ್ಕೆ ಉಳಿಯಬಹುದಿತ್ತು ಎಂದೂ ಇತ್ತು, ಖಚಿತವಿಲ್ಲ ಎಂದೂ ಇತ್ತು. ವಾಸಂತಿ ಸುಳ್ಳು ಹೇಳಲು ಬಾಯಿ ತೆರೆದವಳು ಮನಸ್ಸು ಬದಲಿಸಿದಳು.

"ಗೊತ್ತಿಲ್ಲ ಕಣೇ. ಆದ್ರೆ ಒಂದು ಕೇಳು. ಚಳಿಯಾದ್ರೆ ಮನುಷ್ಯ ಕಿಟಕಿ ಮುಚ್ತಾನೆ. ಮುಚ್ಚಿದ್ರೂ ಬದುಕೋ ಹಾಗೆ ಅಡುಗೆಮನೆ ಇರ್ಬೇಕು. ಅದನ್ನ ನೋಡ್ಕೊಳ್ಳೋದು ನಿನ್ನ ಕೆಲಸ ಆಗಿರಲಿಲ್ಲ."

ಆಗ ನಿಸರ್ಗ ಅತ್ತಳು, ಠಾಣೆಗೆ ಬಂದ ಮೂರು ದಿನದಲ್ಲಿ ಮೊದಲ ಸಲ. ವಾಸಂತಿ ಎದ್ದು ಹೋಗಲಿಲ್ಲ.

ಸಂಜೆ ವರದಿ ಮುಗಿಸುವಾಗ ರೂಬೆನ್ ಕೇಳಿದ, ಉದ್ದೇಶ ಅನ್ನುವಲ್ಲಿ ಏನು ಬರೆಯಲಿ, ದುಡ್ಡಿನಾಸೆಯಾ? ಅಲ್ಲವೆಂದಳು ವಾಸಂತಿ. ಈ ಊರಿಗೆ ಬಂದು ಹನ್ನೆರಡು ವರ್ಷವಾದರೂ ನರಹರಿಯವರ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ, ಒಳ್ಳೆಯದನ್ನೂ, ಕೆಟ್ಟದ್ದನ್ನೂ. ಮೊದಲ ಸಲ ಆಡಿದ ಮಾತು, ನಿಮ್ಮ ಅಡುಗೆ ನಾರುತ್ತದೆ ಎಂದು. ಎರಡನೇ ಸಲ ನೆರೆಯವನು ಬಿಸ್ಕತ್ತು ತಂದು ಕೈಕುಲುಕಿದ. ಆ ಮೇಲೆ ಅಕ್ಕಿ ಚೀಲವನ್ನು ತೆಗೆಯಲು ಅವರಿಗೆ ಮನಸ್ಸು ಬರಲಿಲ್ಲ.

ರೂಬೆನ್ ಇದನ್ನೆಲ್ಲ ಬರೆಯಲು ಜಾಗವಿಲ್ಲವೆಂದ. ವಾಸಂತಿ ಯೋಚಿಸಿ, ನೆರೆಯವರ ಮುಂದೆ ಒಳ್ಳೆಯವನಾಗಿ ಉಳಿಯುವ ಆಸೆ ಎಂದು ಬರೆಸಿದಳು.