ಅರ್ಧಕ್ಕೆ ಬಿಟ್ಟ ಜಗಳ

"ಏನೇ ಗಾಬರಿ, ಹುಡುಗ ಪಾಸಾ, ಫೇಲಾ?"

ಅಕ್ಕನ ದನಿ ಫೋನಿನ ಸ್ಪೀಕರಿನಿಂದ ಹೊರಬಿದ್ದು ಬಸ್ ಶೆಲ್ಟರಿನ ತುಂಬ ಹರಡಿಕೊಂಡಿತು. ಒದ್ದೆ ಕೂದಲಿಗೆ ತಾಗಿ ಫೋನು ಹಾಳಾದೀತೆಂದು ಸ್ಪೀಕರ್ ಹಾಕಿದ್ದು ತಂಗಿಯದೇ ಬುದ್ಧಿವಂತಿಕೆ. ಪಕ್ಕದಲ್ಲಿ ಕುಳಿತು ಕಾಲುಚೀಲ ಹಿಂಡುತ್ತಿದ್ದ ಅವನ ಕೈ ಹಾಗೇ ನಿಂತಿತು.

"ಅಕ್ಕಾ, ಆಮೇಲೆ ಮಾತಾಡ್ತೀನಿ."

"ಆಮೇಲೆ ಏನು ಆಮೇಲೆ? ಮಳೇಲಿ ಒಂದು ವಾರ ನಡೆಸಿ ನೋಡು, ಮನುಷ್ಯನ ಬಣ್ಣ ಬಯಲಾಗುತ್ತೆ ಅಂತ ನಾನೇ ತಾನೇ ಹೇಳಿದ್ದು? ಬಯಲಾಯ್ತೋ ಇಲ್ವೋ?"

ಅವಳು ಫೋನು ಕಟ್ ಮಾಡಿದಳು. ಆದರೆ ಆಗಬೇಕಾದದ್ದು ಆಗಿಹೋಗಿತ್ತು.

ಬೆನ್ನಿಗೆ ಬ್ಯಾಗು ಹಾಕಿಕೊಂಡು ಕಡಲ ತೀರದುದ್ದಕ್ಕೂ ನಡೆಯೋಣ ಎಂದು ಅವಳು ಕರೆದಾಗ ಅವನು ಹಿಗ್ಗಿ ಹೀರೇಕಾಯಿಯಾಗಿದ್ದ. ಹೊರಟ ದಿನ ಹಿಡಿದ ಮಳೆ ಇವತ್ತಿಗೂ ಬಿಟ್ಟಿರಲಿಲ್ಲ. ಬೂಟು ಒಣಗಿಲ್ಲ, ಟವೆಲು ಒಣಗಿಲ್ಲ, ಬಿಸ್ಕತ್ತು ಕೂಡ ಮೆತ್ತಗಾಗಿತ್ತು. ಆದರೂ ಅವನು ಗೊಣಗಿರಲಿಲ್ಲ. ರಾತ್ರಿ ಟೆಂಟಿನ ನಟ್ಟನಡುವೆ ಎರಡು ಬ್ಯಾಗುಗಳ ಗಡಿ ಹಾಕಿ, ಆ ಕಡೆಯಿಂದ ತಲೆಯೆತ್ತಿ, "ಗಡಿಯಲ್ಲಿ ಶಾಂತಿ ಇದೆಯಾ ಮೇಡಂ?" ಎಂದು ಕೇಳಿ ನಗಿಸಿ ಮಲಗುತ್ತಿದ್ದ.

ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಡಾಕ್ಟರ ಚೀಟಿಯನ್ನು ಮತ್ತೆ ಮತ್ತೆ ಓದಿ, ಮಾತ್ರೆಯ ಡೇಟು ನೋಡಿ, ಗಿರಾಕಿ ಹೋದ ಮೇಲೂ ಸರಿಯಾದದ್ದೇ ಕೊಟ್ಟೆನೋ ಇಲ್ಲವೋ ಎಂದು ಒದ್ದಾಡುವವಳು. ಮನೆಯಲ್ಲಿ ಚಿಕ್ಕಂದಿನಿಂದ ಅವಳ ಹೆಸರೇ ಗಾಬರಿ. ಅವನು ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ಮಧ್ಯೆ ಕೆಟ್ಟು ನಿಂತ ಲಿಫ್ಟಿನಲ್ಲಿ ಅವಳು ಬೆವೆತು ನಿಂತಿದ್ದಾಗ ಮೇಲಿನ ಸಂದಿಯಿಂದ ಒಂದು ಮುಖ ಇಣುಕಿ, "ಮೇಡಂ, ನಾನು ಬಂದಾಯ್ತು. ಇನ್ನು ಹೆದರೋದಾದ್ರೆ ಸ್ವಲ್ಪ ಆರಾಮಾಗಿ ಹೆದರಿ" ಎಂದಿತ್ತು. ಅಷ್ಟು ಭಯದಲ್ಲೂ ಅವಳಿಗೆ ನಗು ಬಂದಿತ್ತು. ಮದುವೆಯಾಗ್ತೀಯಾ ಎಂದು ಅವನು ಕೇಳಿ ತಿಂಗಳುಗಳೇ ಕಳೆದಿದ್ದವು. ಅವಳು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ.

"ಇದು ಪರೀಕ್ಷೆನಾ?" ಅವನ ದನಿ ಮೆತ್ತಗಿತ್ತು. ಅದಕ್ಕೇ ಅವಳಿಗೆ ಭಯವಾಯಿತು.

"ಹಾಗಲ್ಲ ಕಣೋ..."

"ಮತ್ತೆ ಹೇಗೆ? ನಿನ್ನ ಬೂಟಿಗೆ ಪೇಪರ್ ತುರುಕಿ ಇಟ್ಟಿದ್ದು, ನೀನು ಸೀನಿದಾಗ ನನ್ನ ಒಣ ಶರ್ಟು ಕೊಟ್ಟಿದ್ದು, ಎಲ್ಲಕ್ಕೂ ಮಾರ್ಕ್ಸ್ ಹಾಕ್ತಾ ಬಂದ್ಯಾ?"

ಹಾಕಿಲ್ಲ ಎಂದರೆ ಸುಳ್ಳಾಗುತ್ತಿತ್ತು. ಅವನು ಒದ್ದೆ ಕಾಲುಚೀಲವನ್ನೇ ಹಾಕಿಕೊಂಡು ಎದ್ದ.

"ನೀನು ರಸ್ತೆ ಹಿಡಿದು ಗೆಸ್ಟ್‌ಹೌಸಿಗೆ ಹೋಗು, ಇಲ್ಲೇ ಹತ್ರ. ನಾನು ಕೆಳಗೆ ಮರಳಿನ ಮೇಲೆ ಟೆಂಟ್ ಹಾಕ್ಕೋತೀನಿ. ನಾಳೆ ಬಸ್ ಹತ್ತಿದ್ರಾಯ್ತು."

"ಈ ಮಳೇಲಾ? ಏನಾದ್ರೂ ಬೈಯೋ. ಬೈದು ಹೋಗು."

ಅವನು ಬೈಯಲಿಲ್ಲ. ತಿರುಗಿಯೂ ನೋಡದೆ ಇಳಿಜಾರಿನ ದಾರಿ ಹಿಡಿದ. ಮಳೆಯಲ್ಲಿ ಅವನ ರೇನ್‌ಕೋಟು ಮೊದಲು ಮಸುಕಾಯಿತು, ಆಮೇಲೆ ಕಾಣಲಿಲ್ಲ.

ಗೆಸ್ಟ್‌ಹೌಸಿನ ಆಂಟಿ ಬಾಗಿಲಲ್ಲೇ ಬಕೆಟ್ ಇಟ್ಟು, "ರೇನ್‌ಕೋಟು ಇದರಲ್ಲಿ ಹಾಕಮ್ಮ, ನೆಲ ಈಗಷ್ಟೇ ಒರೆಸಿದ್ದೀನಿ" ಎಂದರು. ಕೋಣೆಯಲ್ಲಿ ಹೀಟರ್ ಇತ್ತು, ಒಣಗಿದ ಹಾಸಿಗೆ ಇತ್ತು. ಅವಳಿಗೆ ಯಾವುದೂ ಬೇಡವಾಗಿತ್ತು. ಅವಳ ಮನೆಯಲ್ಲಿ ಜಗಳವೆಂದರೆ ಕೂಗಾಟವಲ್ಲ. ಅಪ್ಪ ಅಮ್ಮ ಇಬ್ಬರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. "ಊಟಕ್ಕೆ ಬರ್ಬೇಕಂತೆ ಅಂತ ನಿಮ್ಮಪ್ಪಂಗೆ ಹೇಳು" ಎಂದು ಅಮ್ಮ, "ಹಸಿವಿಲ್ಲ ಅಂತ ನಿಮ್ಮಮ್ಮಂಗೆ ಹೇಳು" ಎಂದು ಅಪ್ಪ. ಒಂದೇ ಕೋಣೆಯಲ್ಲಿ ಕೂತವರ ನಡುವೆ ಅಕ್ಕ ತಂಗಿ ಇಬ್ಬರೂ ಮಾತು ಹೊತ್ತು ತಿರುಗಬೇಕಿತ್ತು. ಅವರ ಕೊನೆಯ ಜಗಳ ಅಪ್ಪ ತೀರಿಕೊಂಡರೂ ಮುಗಿದಿರಲಿಲ್ಲ. ಮದುವೆ ಎಂದಾಗಲೆಲ್ಲ ಅವಳಿಗೆ ಕಾಣುತ್ತಿದ್ದದ್ದು ಆ ಕೋಣೆ. ಅವನೂ ಇವತ್ತು ಹಾಗೇ ಬಾಯಿ ಮುಚ್ಚಿಕೊಂಡು ಹೋದನಲ್ಲ ಎಂದು ಅವಳಿಗೆ ಅಳು ಬಂತು.

ಒಣಗಿಸೋಣವೆಂದು ಬ್ಯಾಗನ್ನು ಬೋರಲು ಹಾಕಿದಳು. ಬಟ್ಟೆಗಳ ಜೊತೆ ಟೆಂಟಿನ ಕಂಬಿಗಳ ಕಟ್ಟು ಟಣ್ಣೆಂದು ನೆಲಕ್ಕೆ ಬಿತ್ತು.

ಹೊರಟ ದಿನವೇ ಭಾರ ಹಂಚಿಕೊಂಡಿದ್ದರು. ಟೆಂಟಿನ ಬಟ್ಟೆ ಅವನ ಬ್ಯಾಗಿನಲ್ಲಿ, ಕಂಬಿಗಳು ಅವಳದರಲ್ಲಿ. ಕೋಪದಲ್ಲಿ ಇಬ್ಬರಿಗೂ ಅದು ನೆನಪಾಗಿರಲಿಲ್ಲ. ಈಗ ಅವನು ಆ ಸುರಿಮಳೆಯಲ್ಲಿ ಬರೀ ಬಟ್ಟೆ ಹಿಡಿದು ಕೂತಿದ್ದಾನೆ. ಫೋನು ಮಾಡೋಣವೆಂದರೆ ಅವನದು ಮೊನ್ನೆಯೇ ನೀರು ಕುಡಿದು ಸತ್ತಿತ್ತು.

"ಆಂಟಿ, ಕೆಳಗೆ ಮರಳಲ್ಲಿ ಟೆಂಟ್ ಹಾಕ್ಕೊಂಡು ಇರಬಹುದಾ?"

ಆಂಟಿಯ ಮುಖವೇ ಬದಲಾಯಿತು. "ಯಾರಮ್ಮ ಹೇಳಿದ್ದು? ಇನ್ನೇನು ಸಂಜೆ ಆಯ್ತು, ನೀರು ಏರಿ ದಿಬ್ಬದ ಬುಡದ ತನಕ ಬರುತ್ತೆ. ಅಲ್ಲಿ ಯಾರೂ ನಿಲ್ಲಲ್ಲ."

ಮುಂದಿನ ಮಾತು ಕೇಳಲು ಅವಳು ಅಲ್ಲಿರಲಿಲ್ಲ. ಕಂಬಿಗಳನ್ನು ಎದೆಗವಚಿಕೊಂಡು ಓಡುತ್ತಿದ್ದಳು. ರೇನ್‌ಕೋಟು ಬಕೆಟ್ಟಿನಲ್ಲೇ ಉಳಿಯಿತು. ಪಕ್ಕೆ ನೋಯಿತು, ಉಸಿರು ಸಿಗಲಿಲ್ಲ. ಏನೂ ಆಗದಿರಲಿ, ಏನೂ ಆಗದಿರಲಿ ಎಂಬ ಒಂದೇ ಮಾತು ಬಾಯಲ್ಲಿ ಹೊರಳುತ್ತಿತ್ತು. ಇಡೀ ಜನ್ಮ ಗಾಬರಿಯಾಗಿ ಬದುಕಿದವಳಿಗೆ ನಿಜವಾದ ಗಾಬರಿ ಹೇಗಿರುತ್ತದೆಂದು ಗೊತ್ತಾದದ್ದು ಅವತ್ತೇ.

ದಿಬ್ಬದ ಅಂಚಿನಿಂದ ಕೆಳಗೆ ನೋಡಿದಳು. ಮರಳಿನ ಮೇಲೆ ನೀಲಿ ಬಟ್ಟೆ ಕಂಡಿತು. ಅದರಡಿ ಏನೋ ಉಬ್ಬಿಕೊಂಡಿತ್ತು. ಯಾರೋ ಮುದುಡಿ ಮಲಗಿದ ಹಾಗಿತ್ತು. ಅಲೆ ಬಂದು ಬಟ್ಟೆಯ ಅಂಚು ನೆಕ್ಕಿ ಹೋಯಿತು. ಅದು ಅಲುಗಲಿಲ್ಲ.

ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಕೂಗಿದಳು, ದನಿಯನ್ನು ಮಳೆ ನುಂಗಿತು. ಬಟ್ಟೆ ಕೈಗೆ ಸಿಗುವಷ್ಟರಲ್ಲಿ ಇನ್ನೊಂದು ಅಲೆ ಮೊಣಕಾಲಿನ ತನಕ ಬಂತು. ಅಂಚಿಗಿಟ್ಟಿದ್ದ ಕಲ್ಲುಗಳನ್ನು ಒದ್ದು ಬಟ್ಟೆ ಎಳೆದಳು. ಒಳಗಿದ್ದದ್ದು ಅವನ ಬ್ಯಾಗು.

ಅವನಿಲ್ಲ.

ನೀರಿನ ಕಡೆ ತಿರುಗಿದಳು. ಬೂದು ಆಕಾಶ, ಬೂದು ಸಮುದ್ರ, ಎಲ್ಲೂ ಯಾರೂ ಇರಲಿಲ್ಲ.

"ಅಲ್ಲೇನು ಮಾಡ್ತಿದ್ದೀಯೇ! ಮೇಲೆ ಬಾ! ಬ್ಯಾಗ್ ಹಾಳಾಗ್ಲಿ, ಬಿಟ್ಟು ಬಾ!"

ದಿಬ್ಬದಿಂದ ಅವನು ಜಾರುತ್ತ ಬೀಳುತ್ತ ಇಳಿದು ಬರುತ್ತಿದ್ದ. ಬಂದವನೇ ಅವಳ ರಟ್ಟೆ ಹಿಡಿದು ಎಳೆದ. ಇಬ್ಬರೂ ಮೇಲೆ ಹತ್ತಿ ಹುಲ್ಲಿನ ಮೇಲೆ ಕುಸಿದಾಗ ಕೆಳಗೆ ಬ್ಯಾಗು, ಬಟ್ಟೆ, ಅವಳ ಕೈಯಿಂದ ಬಿದ್ದ ಕಂಬಿ ಎಲ್ಲವೂ ನೀರಿನ ಪಾಲಾಗಿದ್ದವು.

"ಟೆಂಟಿಗೋಸ್ಕರ ಸಾಯೋಕೆ ಹೋಗಿದ್ಯಾ?" ಅವನು ಏದುಸಿರು ಬಿಡುತ್ತ ಕೂಗಿದ.

"ಟೆಂಟಿಗಲ್ಲ! ಅದರೊಳಗೆ ನೀನಿದ್ದೀಯ ಅಂತ!" ಅವಳೂ ಕೂಗಿದಳು. "ಎಲ್ಲಿ ಹಾಳಾಗಿ ಹೋಗಿದ್ದೆ?"

"ಗೆಸ್ಟ್‌ಹೌಸಿಗೆ. ಒಳದಾರೀಲಿ. ಆಂಟಿ ನೀನು ಓಡಿಹೋದೆ ಅಂದ್ರು, ನನ್ನ ಜೀವ ಬಾಯಿಗೆ ಬಂತು."

"ಕಂಬಿ ತಗೊಳ್ಳೋಕೆ ಹೋಗಿದ್ಯಾ?"

"ಕಂಬಿ ಮನೆ ಹಾಳಾಗ. ಜಗಳ ಅರ್ಧಕ್ಕೆ ಬಿಟ್ಟು ಬಂದಿದ್ದೆ. ಕೂತ್ರೂ ಸಮಾಧಾನ ಇಲ್ಲ, ನಿಂತ್ರೂ ಇಲ್ಲ. ಮುಗಿಸೋಣ ಅಂತ ಬಂದೆ."

ಅವಳು ಅವನನ್ನೇ ನೋಡಿದಳು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಹುಬ್ಬು ಗಂಟಿಕ್ಕಿತ್ತು, ಕೋಪ ಸ್ವಲ್ಪವೂ ಇಳಿದಿರಲಿಲ್ಲ. ಕೋಪ ಇಟ್ಟುಕೊಂಡೇ ವಾಪಸು ಬಂದಿದ್ದ. ಹಾಗೂ ಬರಬಹುದು ಎಂದು ಅವಳಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಅವಳು ಅವನ ಒದ್ದೆ ಎದೆಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ, ಅಮ್ಮ, ಆ ಕೋಣೆ, ತನ್ನ ಹೆದರಿಕೆ, ಎಲ್ಲವನ್ನೂ ಹೇಳಿದಳು. ಅವನ ಕೈ ಮೊದಲು ಗಾಳಿಯಲ್ಲೇ ತಡವರಿಸಿತು, ಆಮೇಲೆ ಅವಳ ನೆತ್ತಿಯ ಮೇಲೆ ಬಂದು ಕೂತಿತು.

"ಇದನ್ನೇ ಮೊದಲೇ ಹೇಳಿದ್ರೆ ಗಂಟೇನು ಹೋಗ್ತಿತ್ತು?" ಎಂದ. ಈ ಸಲ ದನಿ ನಿಜಕ್ಕೂ ಮೆತ್ತಗಿತ್ತು.

"ಕರುಣೆ ತೋರಿಸಬೇಡ. ಜಗಳ ಮುಗಿಸೋಕೆ ಬಂದೋನು ಜಗಳ ಆಡು."

"ಆಡ್ತೀನಿ. ನಡಿ, ಚಳಿ ಆಗ್ತಿದೆ."

ರಸ್ತೆಯುದ್ದಕ್ಕೂ ಆಡಿದರು. ಕೈ ಕೈ ಹಿಡಿದುಕೊಂಡೇ ಆಡಿದರು, ಏಕೆಂದರೆ ರಸ್ತೆ ಜಾರುತ್ತಿತ್ತು. ಹಾಗಂತ ಇಬ್ಬರೂ ತಮಗೆ ತಾವೇ ಹೇಳಿಕೊಂಡರು.

"ನನ್ನ ಪ್ಯಾಂಟೆಲ್ಲ ಸಮುದ್ರಕ್ಕೆ ಹೋಯ್ತು."

"ನೀರು ಏರುತ್ತೋ ಇಲ್ವೋ ಅಂತ ಕೇಳದೆ ಮರಳಿಗೆ ಇಳಿದೋನು ಯಾರು?"

"ಅದು ನನ್ನ ತಪ್ಪು. ಬಾಯಿ ಮುಚ್ಕೊಂಡು ಹೋಗಿದ್ದೂ ತಪ್ಪು. ಆದ್ರೆ ಮಾರ್ಕ್ಸ್ ಹಾಕಿದ್ದು ನಿನ್ನ ತಪ್ಪು."

"ನನ್ನದೇ ತಪ್ಪು."

"ಇನ್ಮೇಲೆ ಮನಸಲ್ಲೇ ಲೆಕ್ಕ ಹಾಕೋ ಹಾಗಿಲ್ಲ. ಕೇಳೋದಿದ್ರೆ ನೇರ ನನ್ನನ್ನೇ ಕೇಳ್ಬೇಕು."

"ಕೇಳ್ತೀನಿ. ನೀನೂ ಮದುವೆ ಆದ್ಮೇಲೆ ಹೀಗೆ ಎದ್ದು ಹೋಗೋ ಹಾಗಿಲ್ಲ."

"ಹೋಗಲ್ಲ. ಆದ್ರೆ ನಿಮ್ಮಕ್ಕಂಗೂ ಹೇಳು, ಮದುವೆ ಆದ್ಮೇಲೆ ಫೋನ್ ಮಾಡಿ ಫೇಲಾ ಪಾಸಾ ಅಂತೆಲ್ಲ..."

ಅವನು ಅಲ್ಲಿಗೇ ನಿಂತ. ಬಾಯಿ ತೆರೆದದ್ದು ತೆರೆದೇ ಇತ್ತು.

"ಈಗ ನೀನು ಏನಂದೆ?"

ಅವಳು ಮೊದಲು ರಸ್ತೆ ನೋಡಿದಳು, ಆಮೇಲೆ ಅವನ ಕಣ್ಣು ನೋಡಿದಳು. ಭಯ ಎಲ್ಲಿಗೂ ಹೋಗಿರಲಿಲ್ಲ. ಹೋಗುವ ತನಕ ಕಾಯಬೇಕೆಂದು ಮಾತ್ರ ಈಗ ಅನ್ನಿಸಲಿಲ್ಲ.

"ಹೂಂ ಅಂದೆ," ಎಂದಳು.

ಹಿಂದಿನಿಂದ ಬಂದ ಹಾಲಿನ ವ್ಯಾನು ಹಾರ್ನ್ ಹೊಡೆಯಿತು. ಡ್ರೈವರ್ ಗಾಜಿಳಿಸಿ ತಲೆ ಹೊರಹಾಕಿ, "ರೀ, ದಾರಿ ಬಿಡ್ತೀರಾ? ಮಳೇಲಿ ನಿಂತು ಏನು ಮಾಡ್ತಿದ್ದೀರಾ?" ಎಂದು ರೇಗಿದ.

"ಜಗಳ ಆಡ್ತಿದ್ದೀವಿ," ಎಂದು ಅವನು ಅವಳಿಂದ ಕಣ್ಣು ತೆಗೆಯದೆ ಹೇಳಿದ. ವ್ಯಾನು ಅವರನ್ನು ಬಳಸಿಕೊಂಡು ಹೋಯಿತು.